ಜಪಾನಿನಲ್ಲಿ ಗೂಡಿಯನ್ನು ನೆನಪಿಟ್ಟವರು

ಸೋಮವಾರ, ಚನ್ನಪಟ್ಟಣ

ಜಪಾನಿಗೆ ಹೋಗುವವರು ಹೂವು ನೋಡಲು ಹೋಗುತ್ತಾರೆ, ಹಿಮ ನೋಡಲು ಹೋಗುತ್ತಾರೆ. ನಾವು ಹೋದದ್ದು ಒಂದು ಗೊಂಬೆಯನ್ನು ಮೂರು ಜನರ ತಲೆಯೊಳಗೆ ಒಂದು ರಾತ್ರಿ ಕೂರಿಸಿ ಬರಲು.

ನಾವು ಎಂದರೆ ಮೂವರು. ನಾನು ಸಿಂಚನ, ರಾಮನಗರದ ಹತ್ತಿರ ಕೈಲಾಂಚದವಳು, ಮನೆಯಲ್ಲಿ ರೇಷ್ಮೆಹುಳು ಸಾಕುತ್ತೇವೆ. ನಾಜಿಯಾ ನನ್ನ ಕಾಲೇಜಿನ ಗೆಳತಿ. ಚನ್ನಪಟ್ಟಣದಲ್ಲಿ ಅವಳ ಅಬ್ಬಾಗೆ ಎರಡು ಲೇತ್ ಇರುವ ಗೊಂಬೆ ಕಾರ್ಖಾನೆ ಇದೆ. ಮೂರನೆಯವರು ಮುನೀರ್ ಮಾಮು, ಅವಳ ತಾಯಿಯ ತಮ್ಮ. ಜಪಾನಿನ ಒಂದು ಬೆಟ್ಟದೂರಿನಲ್ಲೂ ನಮ್ಮ ಹಾಗೆಯೇ ಲೇತಿನಲ್ಲಿ ಮರದ ಗೊಂಬೆ ಮಾಡುತ್ತಾರಂತೆ. ಅಲ್ಲಿನ ಗೊಂಬೆ ಮೇಳಕ್ಕೆ ಅಬ್ಬಾನನ್ನು ಕರೆದಿದ್ದರು. ವಿಮಾನದಲ್ಲಿ ಬೀಡಿ ಸೇದಲು ಬಿಡುವುದಿಲ್ಲ ಎಂದು ಗೊತ್ತಾದ ದಿನವೇ ಅಬ್ಬಾ ಮಾಮುವನ್ನು ಮುಂದೆ ತಳ್ಳಿದರು. ಬಣ್ಣಕ್ಕೆ ನಾಜಿಯಾ, ಲೆಕ್ಕಕ್ಕೆ ನಾನು. ದಿನವೂ ಡೈರಿ ಬರೆದು ಕೆಳಗೆ ಗೀಟು ಹಾಕಿ ಎಣಿಕೆ ಬರೆಯುವುದು ನನ್ನ ಚಟ. ಅದು ಕೊನೆಗೂ ಒಂದು ಕೆಲಸಕ್ಕೆ ಬಂತು.

ಆದರೆ ಗೊಂಬೆಯ ವಿಷಯ ಬೇರೆ. ಪಿಯುಸಿಯಿಂದ ನಾನು, ನಾಜಿಯಾ ಒಂದೇ ಮೊಬೈಲಿನಲ್ಲಿ ಒಂದೊಂದು ಇಯರ್‌ಫೋನ್ ಹಂಚಿಕೊಂಡು ಅನಿಮೆ, ಅಂದರೆ ಜಪಾನಿನ ಕಾರ್ಟೂನು, ನೋಡಿದವರು. ನೋಡಿ ನೋಡಿ ಅವಳು ತಾನೇ ಒಂದು ಪಾತ್ರ ಕಟ್ಟಿದಳು. ನಮ್ಮ ಮನೆಯ ಹುಳುಗಳನ್ನು ನೋಡಿ ಹೊಳೆದದ್ದು. ಹುಳು ಪೊರೆ ಬಿಡುವ ಮುಂಚೆ ತಿನ್ನುವುದನ್ನು ನಿಲ್ಲಿಸಿ, ತಲೆ ಎತ್ತಿಕೊಂಡು ಕೂತಲ್ಲೇ ನಿದ್ದೆ ಮಾಡುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತೇವೆ ನಾವು. ನಾಜಿಯಾಳ ಹುಡುಗಿಯೂ ಹಾಗೆಯೇ: ತಲೆ ಎತ್ತಿ, ಕಣ್ಣು ಮುಚ್ಚಿ, ಮುಖದಲ್ಲಿ ಒಸಿ ನಗು. ಕೂದಲಿನ ಬದಲು ತಲೆಯ ಮೇಲೊಂದು ಹಳದಿ ರೇಷ್ಮೆಗೂಡು. ಹೆಸರು ಗೂಡಿ. ಮಾಮು ಅವಳನ್ನು ಮರದಲ್ಲಿ ಕಡೆದುಕೊಟ್ಟರು, ನಾಜಿಯಾ ಬಣ್ಣ ಹಾಕಿದಳು.

ಅಬ್ಬಾ ಗೂಡಿಯನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು.

"ಚೆನ್ನಾಗೈತೆ. ಚೆನ್ನಾಗಿರೋ ಗೊಂಬೆ ಈ ಬೀದಿಗೆ ನೂರು ಐತೆ. ನೋಡ್ದೋರು ಮನೆಗೋಗೋ ಹೊತ್ಗೆ ಮರ್ತೋಯ್ತಾರೆ."

"ಇದನ್ನ ಮರೆಯಲ್ಲ ಅಬ್ಬಾ. ಒಂದು ಲೇತ್ ನಂಗೆ ಬಿಟ್ಕೊಡಿ."

ಎರಡೂ ಲೇತಿನಲ್ಲಿ ಈಗ ಬಾಗಿಲ ಪರದೆಗೆ ಪೋಣಿಸುವ ಮರದ ಮಣಿ ತಿರುಗುತ್ತವೆ. ಬೆಳಿಗ್ಗೆ ಮಣಿ, ಸಂಜೆ ಮಣಿ. ಅಬ್ಬಾ ಯೋಚಿಸಿ ಶರತ್ತು ಹಾಕಿದರು. ಗೂಡಿಯನ್ನು ಕೈಯಲ್ಲಿ ಹಿಡಿದು ನೋಡಿದ ಮೂರು ಜನ ಜಪಾನಿನವರು, ಮಾರನೆಯ ದಿನ ಅವಳು ಎದುರಿಗಿಲ್ಲದೆ ಅವಳ ಚಿತ್ರ ಬರೆಯಬೇಕು. ಅವಳು ಹೇಗಿದ್ದಳೆಂದು ನಾವು ಬಾಯಿ ಬಿಡುವಂತಿಲ್ಲ. ಮೂವರೂ ಬರೆದರೆ ಒಂದು ಲೇತ್ ನಾಜಿಯಾಳದು. ಇಲ್ಲದಿದ್ದರೆ ಗೂಡಿ ಶೋಕೇಸಿಗೆ, ನಾಜಿಯಾ ಮಣಿಗೆ.

"ತೀರ್ಪು ಯಾರ್ದು?" ಎಂದಳು ನಾಜಿಯಾ.

"ಇವ್ಳದು," ಎಂದು ನನ್ನತ್ತ ಬೊಟ್ಟು ಮಾಡಿದರು. "ಇವ್ಳು ಅವರಪ್ಪನ ಗೂಡಿನ ತೂಕನೂ ಹೆಚ್ಚಿಗೆ ಬರೆಯಾಕಿಲ್ಲ."

ಹೊಗಳಿದರೋ ಬೈದರೋ ಗೊತ್ತಾಗಲಿಲ್ಲ. ಆ ಹೊತ್ತಿಗೆ ಅಂಗಡಿಗೆ ಗಿರಾಕಿ ಬಂದರು. ಅಬ್ಬಾ ಅಭ್ಯಾಸದಂತೆ ಒಂದು ಬುಗುರಿ ಎತ್ತಿ ಕಟಕ್ಕನೆ ಕಚ್ಚಿ, ಹಲ್ಲು ಕಿರಿದು ತೋರಿಸಿದರು. "ನೋಡಿ, ಬಣ್ಣ ಬುಟ್ತಾ? ಅರಗಿನ ಬಣ್ಣ. ಮಗ ಬಾಯ್ಗಿಟ್ರೂ ಏನೂ ಆಗಾಕಿಲ್ಲ." ಆ ಮನೆಯಲ್ಲಿ ಎಲ್ಲರೂ ಹೀಗೆಯೇ ವ್ಯಾಪಾರ ಮಾಡುವುದು. ಮೊದಲು ಕಚ್ಚುವುದು, ಆಮೇಲೆ ಮಾತು. ಅಬ್ಬಾಗೆ ಮೇಲಿನ ಸಾಲಿನಲ್ಲಿ ನಡುವಿನ ಒಂದು ಹಲ್ಲಿಲ್ಲ. ವ್ಯಾಪಾರಕ್ಕೆ ಕೊಟ್ಟದ್ದು ಎನ್ನುತ್ತಾರೆ ಅವರು. ಕೋಳಿ ಮೂಳೆಗೆ ಕೊಟ್ಟದ್ದು ಎನ್ನುತ್ತಾಳೆ ನಾಜಿಯಾ.

ಗುರುವಾರ, ಬೆಟ್ಟಕ್ಕೆ ಹೋಗುವ ರೈಲು

ಜಪಾನಿನ ರೈಲಿನಲ್ಲಿ ಯಾರೂ ಮಾತಾಡುವುದಿಲ್ಲ. ನಮ್ಮ ಮಾಮು ಮೆಲ್ಲಗೆ ಮಾತಾಡಿದರೂ ಕನಕಪುರದ ಬಸ್ಸಿನ ಕಂಡಕ್ಟರನ ಹಾಗೆ ಕೇಳಿಸುತ್ತದೆ. ಅದಕ್ಕೆ ಅವರು ತಾವೇ ಒಂದು ಉಪಾಯ ಮಾಡಿಕೊಂಡರು: ಮಾತು ಬಂದಾಗಲೆಲ್ಲ ಮಂಕಿ ಟೋಪಿಯನ್ನು ಬಾಯಿಯವರೆಗೆ ಎಳೆದು ಅದರೊಳಗೆ ಮಾತಾಡುವುದು. ಒಳ್ಳೆಯ ಉಪಾಯ. ಎದುರಿನ ಸೀಟಿನವರು ಮಾತ್ರ ಎದ್ದು ಬೇರೆ ಕಡೆ ಹೋದರು.

ಶರತ್ತು ಗೆಲ್ಲಲು ಪಾತ್ರಗಳು ಯಾಕೆ ನೆನಪಿರುತ್ತವೆ ಎಂದು ಮೊದಲು ತಿಳಿಯಬೇಕು. ನೋಡಿದ ಅನಿಮೆಗಳ ಪಟ್ಟಿ ನನ್ನ ಡೈರಿಯಲ್ಲಿದೆ. ಒಂದೊಂದೇ ಓದುತ್ತಾ ಹೋದೆ. ಯಾರ ಮುಖ ಥಟ್ಟನೆ ಬರುತ್ತದೋ ಅವರಿಗೆ ಗೀಟು. ಹೊಡೆದಾಟಕ್ಕೆ ಮುಂಚೆ ಮೂಗು ಒರೆಸಿಕೊಳ್ಳುವ ಹುಡುಗನಿಗೆ ಗೀಟು ಬಿತ್ತು. ಊಟಕ್ಕೆ ಕರೆದರೆ ಮಾತ್ರ ಕಿವಿ ಕೇಳಿಸುವ ತಾತನಿಗೂ ಬಿತ್ತು. ಲೋಕವನ್ನೇ ಸುಡುವ ಶಕ್ತಿಯಿದ್ದೂ ಸ್ಕೂಟರ್ ಕಲಿಯಲಾರದೆ ಅಳುವ ಮಂತ್ರವಾದಿನಿಗೆ ಎರಡು ಗೀಟು ಹಾಕಬೇಕೆನಿಸಿತು, ನಿಯಮ ಬಿಡಲಿಲ್ಲ.

ಇನ್ನು ಬೆಳ್ಳಿ ಕೂದಲಿನವರು. ಕೂದಲು ಒಂದು ಕಣ್ಣನ್ನು ಮುಚ್ಚಿರುತ್ತದೆ. ಅಪ್ಪ ಅಮ್ಮ ಚಿಕ್ಕಂದಿನಲ್ಲೇ ಹೋಗಿರುತ್ತಾರೆ. ತಾರಸಿಯ ತುದಿಯಲ್ಲಿ ಗಾಳಿಗೆ ನಿಂತಿರುತ್ತಾರೆ. ಇಂಥವರು ನನ್ನ ಪಟ್ಟಿಯಲ್ಲಿ ಹನ್ನೊಂದು ಜನ. ಹನ್ನೊಂದೂ ಕಲಸಿಕೊಂಡು ಒಬ್ಬನೇ ಆಗಿದ್ದಾನೆ.

"ತಾರಸಿಯವನ ಸುದ್ದಿಗೆ ಬಂದ್ರೆ ಇಲ್ಲಿಂದ ತಳ್ಬಿಡ್ತೀನಿ ಕಣೇ," ಎಂದಳು ನಾಜಿಯಾ. "ಅವನಿಗೋಸ್ಕರ ಮೂರು ದಿನ ಅತ್ತಿದ್ದೀನಿ."

"ಅವನ ಹೆಸರೇನು?"

ಅವಳು ಕಿಟಕಿಯ ಕಡೆ ತಿರುಗಿದಳು. ಎರಡು ಸ್ಟೇಷನ್ ದಾಟಿದವು.

"ಹೆಸರು ಮುಖ್ಯ ಅಲ್ಲ," ಎಂದಳು ಆಮೇಲೆ.

ಮಾಮು ಒಂದೂ ಅನಿಮೆ ನೋಡಿದವರಲ್ಲ. ಆದರೂ ಟೋಪಿಯೊಳಗಿಂದ ಅಭಿಪ್ರಾಯ ಬಂತು. "ಏನವ್ವ ಸಿಂಚನಾ, ನಿಮ್ಮ ಕೈಲಾಂಚದಲ್ಲಿ ಮಂಜ ಅನ್ನೋರು ಎಷ್ಟು ಜನ ಅವ್ರೆ?"

ಲೆಕ್ಕ ಹಾಕಿದೆ. ನಮ್ಮ ಬೀದಿಯಲ್ಲೇ ಐದು.

"ಹೆಂಗೆ ಕರೀತೀರಿ?"

"ಹಾಲಿನ ಮಂಜ, ಬುಲೆಟ್ ಮಂಜ, ಮೋಟ ಮಂಜ, ಹೆಣ್ಣು ನೋಡೋಕೆ ಹೋಗಿ ಬಾವಿಗೆ ಬಿದ್ದ ಮಂಜ."

"ನಾಕಾಯ್ತು. ಐದ್ನೇವ್ನು?"

ಐದನೆಯವನು ಒಳ್ಳೆಯವನು. ನೋಡಲು ಚೆನ್ನಾಗಿದ್ದಾನೆ, ಎಲ್ಲರೊಂದಿಗೂ ಸರಿಯಾಗಿದ್ದಾನೆ. ಅವನನ್ನು "ಇನ್ನೊಬ್ಬ ಮಂಜ" ಎನ್ನುತ್ತೇವೆ.

"ನೋಡ್ದಾ," ಎಂದರು ಮಾಮು. "ಬಾವಿಗೆ ಬೀಳ್ಬೇಕು ಕಣವ್ವ. ಬೀಳ್ದೇ ಇದ್ರೆ ಇನ್ನೊಬ್ಬ ಮಂಜ."

ನಾಜಿಯಾ ಚೀಲದಿಂದ ಗೂಡಿಯನ್ನು ತೆಗೆದು ತೊಡೆಯ ಮೇಲೆ ಕೂರಿಸಿಕೊಂಡು ಬಹಳ ಹೊತ್ತು ನೋಡಿದಳು. ಗೂಡಿ ಎಲ್ಲಿಗೂ ಬಿದ್ದವಳಲ್ಲ.

ಶುಕ್ರವಾರ, ಬೆಟ್ಟದೂರು

ಈ ದೇಶದಲ್ಲಿ ಎಲ್ಲದಕ್ಕೂ ಒಂದು ಗೊಂಬೆಮುಖ. ಪೊಲೀಸ್ ಠಾಣೆಗೊಂದು, ನೀರಿನ ಆಫೀಸಿಗೊಂದು, ರಸ್ತೆ ಅಗೆದಲ್ಲಿ ಹೆಲ್ಮೆಟ್ ಹಾಕಿಕೊಂಡು ಕ್ಷಮೆ ಕೇಳುವ ಮೊಲವೊಂದು. ನಮ್ಮ ಕಡೆಗೂ ಇಂಥವು ಬೇಕೆಂದು ನಿನ್ನೆ ರೈಲಿನಲ್ಲಿ ದಾರಿಯುದ್ದಕ್ಕೂ ಹಂಚಿದೆವು. ರಾಮನಗರಕ್ಕೆ ಕತ್ತು ಬೋಳಾದದ್ದಕ್ಕೆ ನಾಚಿಕೊಂಡು ಮಫ್ಲರ್ ಸುತ್ತಿಕೊಂಡ ರಣಹದ್ದು. ಕನಕಪುರಕ್ಕೆ ಯಾರು ಏನು ಹೇಳಿದರೂ ಕರಗದ ಒಂದು ಕಲ್ಲುದಿಮ್ಮಿ, ಹೆಸರು ದಿಮ್ಮಣ್ಣ. ಸೋಲೂರಿಗೆ ಮೂರು ಕಣ್ಣಿದ್ದೂ ಮಾಗಡಿ ಬಸ್ಸು ಯಾವುದು, ನೆಲಮಂಗಲದ್ದು ಯಾವುದು ಎಂದು ಗೊತ್ತಾಗದ ತೆಂಗಿನಕಾಯಿ. ಚನ್ನಪಟ್ಟಣಕ್ಕೆ ಯಾರು ಎಂದಾಗ ನಾಜಿಯಾ "ಗೂಡಿ" ಎಂದಳು. "ಗೂಡು ರಾಮನಗರದ್ದು" ಎಂದೆ ನಾನು. ಸ್ಟೇಷನ್ ಬರುವವರೆಗೆ ಜಗಳ ನಡೆಯಿತು.

ಮೇಳದ ಕಡೆಯಿಂದ ನಮ್ಮನ್ನು ಕರೆದುಕೊಂಡು ಹೋಗಲು ಬಂದವರು ಕೇಕೋ ಸಾನ್. ಸಾನ್ ಎಂದರೆ ನಮ್ಮ 'ಅವರು' ಇದ್ದ ಹಾಗೆ. ಐವತ್ತರ ಆಸುಪಾಸು, ಇಂಗ್ಲಿಷ್ ಬರುತ್ತದೆ, ನಗು ಬಂದರೆ ಅಂಗೈಯಿಂದ ಬಾಯಿ ಮುಚ್ಚಿಕೊಳ್ಳುತ್ತಾರೆ. ಉಳಿದುಕೊಂಡದ್ದು ಅವರ ಮನೆಯಲ್ಲೇ. ರಾತ್ರಿಯ ಅಡುಗೆ ಮಾಮು ಮಾಡಿದರು. ಊರಿಂದ ರಾಗಿ ಹಿಟ್ಟು ತಂದಿದ್ದರು. ಅನ್ನ ಮಾಡುವ ಕುಕ್ಕರಿನಲ್ಲಿ ಮುದ್ದೆ ತಿರುವಿದರು. ಕುಕ್ಕರ್ ಸೀಟಿಯ ಬದಲು ನಡುವೆ ಒಂದು ಹಾಡು ಹಾಡಿ ಸುಮ್ಮನಾಯಿತು. ಕೇಕೋ ಸಾನ್ ಮುದ್ದೆಯನ್ನು ಊಟದ ಕಡ್ಡಿಗಳಿಂದ ಎತ್ತಿ ಅಗಿಯತೊಡಗಿದರು.

"ಜಗೀಬಾರ್ದು ಮೇಡಂ, ನುಂಗ್ಬೇಕು, ನುಂಗಿ!" ಮಾಮು ಕುತ್ತಿಗೆ ಚಾಚಿ ಗುಳಕ್ಕೆಂದು ತೋರಿಸಿದರು.

ಕೇಕೋ ಸಾನ್ ನುಂಗಿದರು. ಕಣ್ಣಲ್ಲಿ ನೀರು ಬಂತು. ಬಾಗಿ ನಮಸ್ಕರಿಸಿದರು. ಮಾಮು ತಿರುಗಿ ಬಾಗಿದರು. ಅವರು ಮತ್ತೆ ಬಾಗಿದರು. ಮುದ್ದೆ ಆರಿತು.

ಊಟದ ಮೇಲೆ ಅವರು ತಮ್ಮೂರಿನ ಗೊಂಬೆ ತಂದು ತೋರಿಸಿದರು. ಕೈಕಾಲಿಲ್ಲ, ಗುಂಡು ತಲೆ, ಮೈಮೇಲೆ ಹೂವು. ತಲೆ ತಿರುಗಿಸಿದರೆ "ಕೀ" ಎಂದು ಕಿರುಗುಟ್ಟುತ್ತದೆ. ನಾಜಿಯಾಳ ಮುಖ ಬಿದ್ದುಹೋಯಿತು.

"ಇದು ಅಳುತ್ತೆ ಕಣೇ ಸಿಂಚು. ಅಳೋದನ್ನ ಯಾರು ಮರೀತಾರೆ? ನಮ್ಮ ಗೂಡಿ ಕೀ ಅಂತಾನೂ ಅನ್ನಲ್ಲ."

ಶನಿವಾರ, ಮೇಳ

ಮೇಳ ಎಂದರೆ ಜನ ಕೂಗಬೇಕು, ಮಕ್ಕಳು ಕಳೆದುಹೋಗಬೇಕು. ಇಲ್ಲಿ ಎಲ್ಲರೂ ಸಾಲಿನಲ್ಲಿ ಬಂದು, ಎರಡೂ ಕೈಯಲ್ಲಿ ಗೂಡಿಯನ್ನು ಎತ್ತಿಕೊಂಡು, "ಕವಾಯಿ" ಎಂದು, ಇದ್ದ ಜಾಗದಲ್ಲೇ ಇಟ್ಟು ಹೋದರು. ಕವಾಯಿ ಎಂದರೆ ಮುದ್ದಾಗಿದೆ ಎಂದರ್ಥ. ನಾಜಿಯಾ ಹಿಗ್ಗಿಹೋದಳು. ನಾನು ಡೈರಿಯಲ್ಲಿ ಗೀಟು ಹಾಕುತ್ತಾ ಹೋದೆ. ಮಧ್ಯಾಹ್ನದ ಹೊತ್ತಿಗೆ ನೋಡಿದರೆ ಗೂಡಿಗೆ ಬಿದ್ದಷ್ಟೇ ಕವಾಯಿ ನಮ್ಮ ಚೀಲಕ್ಕೂ ಬಿದ್ದಿತ್ತು. ಎಲ್ಲಕ್ಕಿಂತ ಹೆಚ್ಚು ಬಿದ್ದದ್ದು ಮಾಮುವಿನ ಮಂಕಿ ಟೋಪಿಗೆ.

"ಇನ್ನೊಬ್ಬ ಮಂಜ," ಎಂದಳು ನಾಜಿಯಾ ಸಣ್ಣ ದನಿಯಲ್ಲಿ.

ಆಗ ನಮ್ಮ ಮೇಜಿನ ಮುಂದೆ ಮೂವರಿದ್ದರು. ಊದಾ ಕೋಟಿನ ಅಜ್ಜಿ. ಸ್ಟೇಷನ್ನಿನಿಂದ ಮೇಳಕ್ಕೆ ಜನರನ್ನು ತರುವ ಬಸ್ಸಿನ ಡ್ರೈವರ್, ಬಿಳಿ ಕೈಗವಸು ಹಾಕಿದವನು. ಮತ್ತೆ ನೀಲಿ ವಿಗ್ ಹಾಕಿ, ಯಾವುದೋ ಅನಿಮೆಯ ವೇಷದಲ್ಲಿ ಬಂದಿದ್ದ ಹುಡುಗಿ. ಆ ಅನಿಮೆ ನಾನು ನೋಡಿದ್ದೇನೆ. ಆ ಪಾತ್ರ ಮಾತ್ರ ನೆನಪಾಗಲಿಲ್ಲ, ಅದನ್ನೂ ಬರೆದುಕೊಂಡೆ. ಅಜ್ಜಿ ಏನೋ ಕೇಳಿದರು. ಕೇಕೋ ಸಾನ್ ನಮಗೆ ತಿಳಿಸಿದರು: "ಇವರ ಮೊಮ್ಮಗು ಎಲ್ಲವನ್ನೂ ಬಾಯಿಗೆ ಹಾಕಿಕೊಳ್ಳುತ್ತದಂತೆ. ಬಣ್ಣದಿಂದ ತೊಂದರೆ ಇಲ್ಲವೇ ಎನ್ನುತ್ತಾರೆ."

ಚನ್ನಪಟ್ಟಣದಲ್ಲಿ ಹುಟ್ಟಿದವಳಿಗೆ ಈ ಪ್ರಶ್ನೆಗೆ ಒಂದೇ ಉತ್ತರ ಗೊತ್ತು. ನಾಜಿಯಾ ಗೂಡಿಯನ್ನು ಎತ್ತಿ, ತಲೆಯನ್ನು ಕಟಕ್ಕನೆ ಕಚ್ಚಿ, ಅಜ್ಜಿಯ ಮುಖದ ಹತ್ತಿರ ಹೋಗಿ ಹಲ್ಲು ಕಿರಿದಳು. "ನೋ ಕಲರ್!"

ಅಜ್ಜಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ಡ್ರೈವರ್ ಒಂದು ಹೆಜ್ಜೆ ಹಿಂದೆ ಹೋದ. ನೀಲಿ ವಿಗ್ಗಿನವಳ ವಿಗ್ಗು ಒಸಿ ಜಾರಿತು.

"ಏನೇ ಮಾಡ್ಬುಟ್ಟೆ!" ಎಂದರು ಮಾಮು, ಟೋಪಿ ಎಳೆದುಕೊಳ್ಳುವುದನ್ನೂ ಮರೆತು. ನಮ್ಮ ಕಡೆ ಗೊಂಬೆಗೆ ಬಳಸುವ ಹಾಲೆ ಮರ ಮೆದು. ಹಗುರವಾಗಲೆಂದು ತಲೆಯ ಗೂಡನ್ನು ಮಾಮು ಒಳಗಿಂದ ಕೊರೆದಿದ್ದರು. ಗಾಬರಿಯಲ್ಲಿ ನಾಜಿಯಾ ಅಬ್ಬಾನಿಗಿಂತ ಜೋರಾಗಿ ಕಚ್ಚಿದ್ದಳು. ಗೂಡಿಯ ನೆತ್ತಿಯ ಮೇಲೆ ಅರ್ಧಚಂದ್ರದ ಹಾಗೆ ಹಲ್ಲಿನ ಸಾಲು ಒತ್ತಿಕೊಂಡಿತ್ತು. ನಾವು ತಂದಿದ್ದದ್ದು ಒಬ್ಬಳೇ ಗೂಡಿ.

ಮೊದಲು ನಕ್ಕವರು ಅಜ್ಜಿ. ಆಮೇಲೆ ಡ್ರೈವರ್, ಆಮೇಲೆ ಪಕ್ಕದ ಮೇಜು, ಅದರ ಪಕ್ಕದ್ದು. ಕೇಕೋ ಸಾನ್ ಬಾಯಿ ಮುಚ್ಚಿಕೊಳ್ಳಲು ಕೈ ಸಾಲದೆ ಮುಖವನ್ನು ಮೇಜಿನ ಹಿಂದಿನ ಪರದೆಯಲ್ಲಿ ಹುದುಗಿಸಿದರು. ಮೂವರೂ ಗೂಡಿಯನ್ನು ಕೈಗೆ ತೆಗೆದುಕೊಂಡು ಹಲ್ಲಿನ ಗುರುತಿನ ಮೇಲೆ ಬೆರಳಾಡಿಸಿದರು. ನಾಳೆ ಬಂದು ಈ ಗೊಂಬೆಯ ಚಿತ್ರ ಬರೆದುಕೊಡುತ್ತೀರಾ ಎಂದು ಕೇಕೋ ಸಾನ್ ಕೈಲಿ ಕೇಳಿಸಿದೆ. ಮೂವರೂ ಬಾಗಿ ಒಪ್ಪಿದರು.

ನಾಜಿಯಾ ಮೇಜಿನ ಕೆಳಗೆ ಕೂತು ಗೂಡಿಯ ತಲೆಯನ್ನು ದುಪಟ್ಟಾದಿಂದ ಉಜ್ಜುತ್ತಿದ್ದಳು, ಉಜ್ಜಿದರೆ ಹೋಗುತ್ತದೇನೋ ಎಂಬಂತೆ.

ಭಾನುವಾರ, ಮೂರು ಚಿತ್ರ

ಗೂಡಿಯನ್ನು ಮಾಮುವಿನ ಕೋಟಿನೊಳಗೆ ಬಚ್ಚಿಟ್ಟೆವು. ನಾನು ಮೂರು ಹಾಳೆ, ಮೂರು ಪೆನ್ಸಿಲ್ ಇಟ್ಟೆ. ಮೂವರೂ ಹೇಳಿದ ಹೊತ್ತಿಗೆ ಬಂದರು. ನಮ್ಮೂರಿನಲ್ಲಿ ಮದುವೆಗೂ ಹೀಗೆ ಬರುವುದಿಲ್ಲ.

ಅಜ್ಜಿ ಒಂದು ಮೊಟ್ಟೆ ಬರೆದು ಅದರ ಮೇಲೆ ಹಲ್ಲಿನ ಸಾಲು ಬರೆದರು. ಡ್ರೈವರ್ ನಾಲಗೆ ಹೊರಗೆ ಹಾಕಿಕೊಂಡು ಅಳೆದು ಅಳೆದು ಒಂದು ಸೋರೆಕಾಯಿ ಬರೆದ, ಅದರ ಮೇಲೂ ಹಲ್ಲಿನ ಸಾಲು. ನೀಲಿ ವಿಗ್ಗಿನವಳಿಗೆ ಚಿತ್ರ ಚೆನ್ನಾಗಿ ಬರುತ್ತಿತ್ತು. ಅವಳು ಹಲ್ಲಿನ ಗುರುತಿಗೆ ಒಂದು ಬ್ಯಾಂಡೇಜನ್ನೂ ಹಾಕಿದಳು.

ಮೂರಕ್ಕೆ ಮೂರು! ನಾನು ಕುಣಿಯುವುದರಲ್ಲಿದ್ದೆ. ನಾಜಿಯಾ ಎದ್ದು ಹೊರಗೆ ಹೋದಳು.

ಹೋಗಿ ನೋಡಿದರೆ, ಕಾಸು ಹಾಕಿದರೆ ಬಿಸಿ ಕಾಫಿಯ ಡಬ್ಬಿ ಬೀಳುವ ಯಂತ್ರಕ್ಕೆ ಒರಗಿಕೊಂಡು ನಿಂತಿದ್ದಳು.

"ನೀನು ಸೋತ್ವಿ ಅಂತ ಬರಿ," ಎಂದಳು. "ಅವರಿಗೆ ನೆನಪಿರೋದು ನಾನು ಕಚ್ಚಿದ್ದು. ಗೂಡಿ ಅಲ್ಲ. ಗೂಡು ಯಾರು ಬರೆದ್ರು? ಹಳದಿ ಯಾರು ಹೇಳಿದ್ರು? ಆಲೂಗಡ್ಡೆ ಕಚ್ಚಿದ್ರೂ ಹಿಂಗೇ ಬರೀತಿದ್ರು. ಅಬ್ಬಾಗೆ ಆಲೂಗಡ್ಡೆ ತೋರ್ಸಿ ಲೇತ್ ಕೇಳಲಾ?"

ತೀರ್ಪು ನನ್ನದು, ಅವಳು ಹೇಳುವುದು ನ್ಯಾಯ. ಡೈರಿಯಲ್ಲಿ "ಭಾನುವಾರ" ಎಂದು ಬರೆದು ಮುಂದಕ್ಕೆ ಖಾಲಿ ಬಿಟ್ಟೆ.

ಒಳಗೆ ಬಂದಾಗ ನೀಲಿ ವಿಗ್ಗಿನವಳು ನಮಗಾಗಿ ಕಾಯುತ್ತಿದ್ದಳು. ಕೇಕೋ ಸಾನ್ ಮೂಲಕ ಒಂದು ಪ್ರಶ್ನೆ ಕೇಳಿದಳು. "ಅಷ್ಟು ಜೋರಾಗಿ ಕಚ್ಚಿದರೂ ಇವಳು ಎದ್ದೇಳಲಿಲ್ಲವಲ್ಲ, ಯಾವ ಕನಸು ಕಾಣುತ್ತಿದ್ದಾಳೆ?"

ನಾನು ಹಾಳೆಗಳನ್ನು ಮತ್ತೆ ಎಳೆದುಕೊಂಡೆ. ಅಜ್ಜಿಯ ಮೊಟ್ಟೆಗೆ ಎರಡು ಸಣ್ಣ ಗೆರೆ: ಮುಚ್ಚಿದ ಕಣ್ಣು. ಸೋರೆಕಾಯಿಗೂ ಮುಚ್ಚಿದ ಕಣ್ಣು, ಕೆಳಗೆ ವಾರೆಯಾದ ಒಂದು ನಗು. ಬ್ಯಾಂಡೇಜಿನ ಗೂಡಿಯಂತೂ ತಲೆ ಎತ್ತಿ, ಜ್ವರಕ್ಕೆ ಕೂತ ನಮ್ಮ ಮನೆಯ ಹುಳುವಿನ ಹಾಗೆಯೇ ನಿದ್ದೆ ಹೊಡೆಯುತ್ತಿದ್ದಳು. ಗೂಡನ್ನು ಮರೆತಿದ್ದರು, ಬಣ್ಣವನ್ನು ಮರೆತಿದ್ದರು. ಕಚ್ಚಿಸಿಕೊಂಡರೂ ನಿದ್ದೆ ಬಿಡದವಳನ್ನು ಮೂವರೂ ಮರೆತಿರಲಿಲ್ಲ.

"ಲೇ ನಾಜಿಯಾ," ಎಂದೆ. "ಆಲೂಗಡ್ಡೆಗೆ ಕಣ್ಣು ಮುಚ್ಚಕ್ಕೆ ಬರುತ್ತಾ?"

ಅವಳು ಒಂದೊಂದೇ ಹಾಳೆ ನೋಡಿದಳು. ಮೂಗು ಒರೆಸಿಕೊಂಡಳು, ಹೊಡೆದಾಟಕ್ಕೆ ಮುಂಚಿನ ಆ ಹುಡುಗನ ಹಾಗೆಯೇ. "ಎಲೆ ತಿನ್ನೋ ಕನಸು ಅಂತ ಹೇಳು ಅವಳಿಗೆ," ಎಂದಳು.

"ಬಾವಿಗೆ ಬಿದ್ಲು ಕಣವ್ವ ನಮ್ ಹುಡ್ಗಿ," ಎಂದರು ಮಾಮು ಕೋಟಿನ ಗುಂಡಿ ಬಿಚ್ಚುತ್ತಾ. ಗೂಡಿ ಹೊರಗೆ ಬಂದಳು. ಡ್ರೈವರ್ ಬಿಳಿ ಕೈಗವಸಿನಲ್ಲಿ ಚಪ್ಪಾಳೆ ತಟ್ಟಿದ, ಸದ್ದೇ ಬರಲಿಲ್ಲ.

ಬುಧವಾರ, ಮತ್ತೆ ಚನ್ನಪಟ್ಟಣ

ಅಬ್ಬಾ ಮೂರೂ ಚಿತ್ರಗಳನ್ನು ಮಣಿಯ ರಾಶಿಯ ಮೇಲೆ ಹರಡಿಕೊಂಡು ಕೂತರು. ಆಮೇಲೆ ಗೂಡಿಯ ನೆತ್ತಿ ನೋಡಿದರು. ಆಮೇಲೆ ಮಗಳ ಬಾಯಿ ನೋಡಿದರು.

"ಇಷ್ಟು ಜೋರಾಗಿ ಕಚ್ಚೋದಾ? ನಾನು ನಿಂಗೆ ಹಿಂಗೆ ಕಲ್ಸಿದ್ನಾ?"

"ಕೈ ನಡುಗ್ತಿತ್ತು ಅಬ್ಬಾ."

"ಕೈ ನಡುಗಿದ್ರೆ ಹಲ್ಯಾಕೆ ಕಚ್ತೈತೆ?" ಎಂದು ನನ್ನ ಕಡೆ ತಿರುಗಿದರು. "ನೀ ಹೇಳವ್ವ. ಅವ್ರು ನೆನಪಿಟ್ಕಂಡಿದ್ದು ಗೊಂಬೆನಾ, ಇವ್ಳ ಹಲ್ನಾ?"

ರೈಲಿನಲ್ಲಿ, ವಿಮಾನದಲ್ಲಿ ಇದಕ್ಕೊಂದು ದೊಡ್ಡ ಉತ್ತರ ಕಟ್ಟಿಟ್ಟುಕೊಂಡಿದ್ದೆ. ಎಲ್ಲ ಮರೆತುಹೋಯಿತು. "ಕಣ್ಣು ನೋಡಿ ಅಬ್ಬಾ," ಎಂದೆ, ಅಷ್ಟೇ. "ಮೂರರಲ್ಲೂ ಮುಚ್ಚಿದೆ."

ಅವರು ನೋಡಿದರು. "ನೋಡಾನ," ಎಂದು ಬೀಡಿ ಹಚ್ಚಿಕೊಂಡು ಹೊರಗೆ ಹೋದರು. ಅಬ್ಬಾನ ನೋಡಾನ ಎಂದರೆ ಸಾಮಾನ್ಯವಾಗಿ ಇಲ್ಲ ಎಂದರ್ಥ. ನಾಜಿಯಾ ಮಣಿಯ ಡಬ್ಬಿ ಹತ್ತಿರಕ್ಕೆ ಎಳೆದುಕೊಂಡಳು. ನಾನು ಕೈಲಾಂಚದ ಬಸ್ಸು ಹತ್ತಿದೆ.

ಗುರುವಾರ ಬೆಳಿಗ್ಗೆ ಅವಳ ಫೋನು. "ಬಾರೇ," ಎಂದು ಇಟ್ಟಳು.

ಓಡಿದೆ. ಕಿಟಕಿಯ ಪಕ್ಕದ ಲೇತಿನ ಕೆಳಗೆ ಒಂದು ಮಣಿಯೂ ಇರಲಿಲ್ಲ, ನೆಲ ಗುಡಿಸಿತ್ತು. ಲೇತಿನ ಮೇಲೆ ಒಬ್ಬಳು ಹೊಸ ಗೂಡಿ ನಿಂತಿದ್ದಳು, ಅರಗಿನ ಹಳದಿ ಇನ್ನೂ ಪಳಪಳ ಹೊಳೆಯುತ್ತಿತ್ತು. ಕಣ್ಣು ಬರೆದಿರಲಿಲ್ಲ. ಅದು ನಾಜಿಯಾಳ ಕೆಲಸ, ಅಬ್ಬಾ ಅದನ್ನು ಮುಟ್ಟಿರಲಿಲ್ಲ.

ನೆತ್ತಿಯ ಮೇಲೆ ಹಲ್ಲಿನ ಸಾಲು ಒತ್ತಿತ್ತು. ಎಣಿಸಿ ನೋಡಿದೆ. ನಡುವೆ ಒಂದು ಹಲ್ಲಿನಷ್ಟು ಜಾಗ ನುಣ್ಣಗೆ, ಖಾಲಿ.